ಡಿಸಿಗೆ ಅರ್ಜಿ ಕೊಟ್ಟರೆ ಜಾಗ ನಮ್ಮದಾಗುತ್ತಾ?

ಈ ಸಲವೂ ಅದೇ ಪ್ರಶ್ನೆ ಬಂದಿದೆ. ಕೇಳಿದವರು ಕೊಡಗಿನ ವಿರಾಜಪೇಟೆ ಕಡೆಯವರು. "ಅಪ್ಪನ ಕಾಲದಿಂದ ಕಾಫಿ ತೋಟ ನೋಡಿಕೊಂಡು ಬಂದವರು ನಾವು. ಈಗ ದೊಡ್ಡಪ್ಪನ ಮಕ್ಕಳು ಪಾಲು ಕೇಳ್ತಿದ್ದಾರೆ. ತಹಶೀಲ್ದಾರರ ಹತ್ತಿರ ಕೆಲಸ ಆಗಲಿಲ್ಲ. ಡಿಸಿಗೆ ಅರ್ಜಿ ಕೊಟ್ಟರೆ ಜಾಗ ನಮ್ಮದು ಅಂತ ಆದೇಶ ಮಾಡ್ತಾರಾ?"

ಇಲ್ಲ, ಮಾಡುವುದಿಲ್ಲ. ಹಾಗೆ ಆದೇಶ ಮಾಡುವ ಅಧಿಕಾರ ಅವರಿಗೆ ಇಲ್ಲ.

ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಾಗ ವಾರಕ್ಕೆ ಹತ್ತು ಜನರಿಗೆ ಇದೇ ಉತ್ತರ ಹೇಳುತ್ತಿದ್ದೆ. ನಿವೃತ್ತಿಯಾದ ಮೇಲೂ ಹೇಳುತ್ತಿದ್ದೇನೆ. ಸುಗ್ಗಿ ಹಬ್ಬವಾದ ಪುತ್ತರಿಗೆ ಎಲ್ಲರೂ ಐನ್‌ಮನೆಯಲ್ಲಿ, ಅಂದರೆ ವಂಶದ ಮೂಲ ಮನೆಯಲ್ಲಿ ಸೇರುತ್ತಾರೆ. ಬೆಂಗಳೂರಿನಿಂದ ಬಂದವರು ಪಹಣಿ ತೆಗೆಸಿ ನೋಡುತ್ತಾರೆ. ಒಂದೇ ಸರ್ವೆ ನಂಬರಿನಲ್ಲಿ ಹದಿನೈದು ಹೆಸರು, ಅದರಲ್ಲಿ ಎಂಟು ಜನ ತೀರಿಹೋದವರು. ಪಟ್ಟೇದಾರರ, ಅಂದರೆ ವಂಶದ ಪರವಾಗಿ ಪಟ್ಟೆ ಹೊಂದಿದ ಹಿರಿಯರ ಹೆಸರು ಮೊದಲು. ಅಲ್ಲಿಂದ ಮಾತು ಶುರುವಾಗುತ್ತದೆ. ಮಾರನೇ ವಾರ ಯಾರೋ ಒಬ್ಬರು ಮಡಿಕೇರಿಗೆ ಹೋಗಿ ಡಿಸಿ ಆಫೀಸಿನಲ್ಲಿ ಅರ್ಜಿ ಕೊಟ್ಟು ಬರುತ್ತಾರೆ. ಈ ಕತೆಯನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಿಡಿಸಿ ಹೇಳಬೇಕಾದದ್ದು ಆ ನಂಬಿಕೆಯನ್ನು. ಡಿಸಿ ಅಂದರೆ ಜಿಲ್ಲೆಗೇ ದೊಡ್ಡವರು, ಹಾಗಾಗಿ ಜಿಲ್ಲೆಯ ಎಲ್ಲ ತಕರಾರೂ ಅವರ ಒಂದು ಸಹಿಯಲ್ಲಿ ಮುಗಿಯುತ್ತದೆ ಎಂಬ ನಂಬಿಕೆ. ಓದಿದವರಲ್ಲೂ ಇದು ಇದೆ. ವಕೀಲರ ಮನೆಯಲ್ಲೂ ಕಂಡಿದ್ದೇನೆ.

ಪಹಣಿಯಿಂದಲೇ ಶುರು ಮಾಡೋಣ. ಕಂದಾಯ ಯಾರಿಂದ ವಸೂಲಿ ಮಾಡಬೇಕು, ಜಾಗ ಯಾರ ಸ್ವಾಧೀನದಲ್ಲಿದೆ, ಏನು ಬೆಳೆ ಇದೆ ಎಂದು ತಿಳಿಯಲು ಸರ್ಕಾರ ಇಟ್ಟುಕೊಂಡ ಪುಸ್ತಕ ಅದು. ಕಾಲಂ 9ರಲ್ಲಿ ನಿಮ್ಮ ಹೆಸರು ಇದ್ದರೆ, ಸರ್ಕಾರದ ಲೆಕ್ಕದಲ್ಲಿ ಸದ್ಯಕ್ಕೆ ನೀವು ಆ ಜಾಗದವರು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಕಲಂ 133 ಇದನ್ನೇ ಹೇಳುತ್ತದೆ: ಬೇರೆ ರೀತಿ ಸಾಬೀತಾಗುವ ತನಕ ಆ ನಮೂದು ಸರಿ ಎಂದು ತಿಳಿಯಬೇಕು. 'ಸಾಬೀತಾಗುವ ತನಕ' ಎಂಬ ಮಾತನ್ನು ಎರಡು ಸಲ ಓದಿ. ಹೆಸರು ಇದ್ದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ. ಹೆಸರು ಬಿಟ್ಟುಹೋದ ಮಾತ್ರಕ್ಕೆ ಇದ್ದ ಹಕ್ಕು ಸಾಯುವುದೂ ಇಲ್ಲ. ಖಾತೆ ಬದಲಾವಣೆಯಿಂದ ಮಾಲೀಕತ್ವ ಬರುವುದಿಲ್ಲ, ಹೋಗುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ 1996ರ ಒಂದು ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಆಮೇಲೂ ಹಲವು ಸಲ ಹೇಳಿದೆ.

ಆ ಪುಸ್ತಕದಲ್ಲಿ ಹೆಸರು ಸೇರಿಸುವ, ತೆಗೆಯುವ ಕೆಲಸ ಕಂದಾಯ ಇಲಾಖೆಯದ್ದು. ಪೌತಿ ಖಾತೆಗೋ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ), ಕ್ರಯದ ಮೇಲೋ ಅರ್ಜಿ ಬರುತ್ತದೆ. ನೋಟಿಸ್ ಹೋಗುತ್ತದೆ. ಯಾರೂ ತಕರಾರು ಮಾಡದಿದ್ದರೆ ಖಾತೆ ಆಗುತ್ತದೆ. ತಕರಾರು ಬಂದರೆ ತಕರಾರು ರಿಜಿಸ್ಟರಿಗೆ ಹತ್ತಿ ವಿಚಾರಣೆ ಆಗುತ್ತದೆ. ಆ ಆದೇಶ ಒಪ್ಪಿಗೆಯಾಗದಿದ್ದರೆ ಎಸಿ, ಅಂದರೆ ಉಪವಿಭಾಗಾಧಿಕಾರಿಯವರಿಗೆ ಅಪೀಲು. ನಮ್ಮ ಜಿಲ್ಲೆಯಲ್ಲಿ ತಾಲ್ಲೂಕು ಐದಾದರೂ ಉಪವಿಭಾಗ ಮಡಿಕೇರಿ ಒಂದೇ. ಪೊನ್ನಂಪೇಟೆಯವರೂ ಕುಶಾಲನಗರದವರೂ ಅಲ್ಲಿಗೇ ಬರಬೇಕು. ಅದಾದ ಮೇಲೆ ಕಲಂ 136ರ ಕೆಳಗೆ ಡಿಸಿಯವರ ಮುಂದೆ ರಿವಿಷನ್, ಅಂದರೆ ಮರುಪರಿಶೀಲನೆ.

ಅಲ್ಲಿ ಡಿಸಿ ಏನು ನೋಡುತ್ತಾರೆ ಗೊತ್ತಾ? ಎಲ್ಲರಿಗೂ ನೋಟಿಸ್ ಹೋಗಿತ್ತಾ, ಹಾಜರುಪಡಿಸಿದ ದಾಖಲೆಗೂ ಮಾಡಿದ ನಮೂದಿಗೂ ಹೊಂದುತ್ತದಾ, ಕೆಳಗಿನವರು ಕಾಯ್ದೆ ಪ್ರಕಾರ ನಡೆದರಾ ಎಂದು. ತಪ್ಪಿದ್ದರೆ ಆದೇಶ ರದ್ದು ಮಾಡುತ್ತಾರೆ. ಮತ್ತೆ ವಿಚಾರಣೆ ಮಾಡಿ ಎಂದು ವಾಪಸ್ ಕಳಿಸುತ್ತಾರೆ. ನಿಮ್ಮ ದೊಡ್ಡಪ್ಪನಿಗೆ ಎಷ್ಟು ಪಾಲು, ಅಜ್ಜ ಬರೆದ ವಿಲ್ ನಿಜವಾ, 50 ವರ್ಷದ ಹಿಂದೆ ಬಾಯಿಮಾತಿನಲ್ಲಿ ಪಾಲು ಆಗಿತ್ತಾ ಎಂಬುದು ಆ ಮೇಜಿನ ಮೇಲಿನ ವಿಷಯ ಅಲ್ಲ. ಇದಕ್ಕೆ ಸಾಕ್ಷಿ ಬೇಕು, ಪಾಟೀ ಸವಾಲು ಬೇಕು. ಅದು ಸಿವಿಲ್ ಕೋರ್ಟಿನ ಕೆಲಸ. ಕಲಂ 135 ನಿಮ್ಮನ್ನು ಅಲ್ಲಿಗೇ ಕಳಿಸುತ್ತದೆ: ನಮೂದಿನಿಂದ ನಿಮ್ಮ ಹಕ್ಕಿಗೆ ತೊಂದರೆ ಆಗಿದ್ದರೆ, ಆ ಹಕ್ಕನ್ನು ಅಲ್ಲಗಳೆಯುವವರ ಮೇಲೆ ದಾವೆ ಹಾಕಿ, ಕೋರ್ಟು ಹೇಳಿದ ಹಾಗೆ ನಮೂದನ್ನು ತಿದ್ದಬೇಕು. ಕೋರ್ಟಿನ ತೀರ್ಪಿನ ಡಿಕ್ರಿ ತಂದರೆ ತಿದ್ದುವುದು ಅಧಿಕಾರಿಗಳ ಕರ್ತವ್ಯ. ಅದರಲ್ಲಿ ಅವರಿಗೆ ಆಯ್ಕೆ ಇಲ್ಲ.

ಒಂದು ಸಲ ನಾಪೋಕ್ಲು ಕಡೆಯ ಹಿರಿಯರೊಬ್ಬರು ಬಂದಿದ್ದರು. ಕೈಯಲ್ಲಿ ಅರ್ಜಿಯ ಜೆರಾಕ್ಸ್. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಇಟ್ಟುಕೊಂಡಿದ್ದರು.

"ಡಿಸಿ ಸಾಹೇಬರೇ ಆರ್ಡರ್ ಮಾಡಿದ್ದಾರೆ. ನೀವು ಯಾಕೆ ಖಾತೆ ಮಾಡಿ ಕೊಡ್ತಿಲ್ಲ?"

ನೋಡಿದೆ. ಅರ್ಜಿಯ ಅಂಚಿನಲ್ಲಿ ಕೈಬರಹ: 'ತಹಶೀಲ್ದಾರ್, ನಿಯಮಾನುಸಾರ ಕ್ರಮ ಕೈಗೊಳ್ಳಿ.' ಕೆಳಗೆ ಸಹಿ.

"ಅಜ್ಜ, ಇದು ಆರ್ಡರ್ ಅಲ್ಲ. ಕಾನೂನಿನಲ್ಲಿ ಏನಿದೆಯೋ ಹಾಗೆ ಮಾಡಿ ಎಂದು ನಮಗೆ ಕಳಿಸಿದ್ದಾರೆ ಅಷ್ಟೇ."

ಅವರಿಗೆ ನಂಬಿಕೆ ಬರಲಿಲ್ಲ. ಮೂರು ವರ್ಷ ಆ ಕಾಗದ ಹಿಡಿದುಕೊಂಡು ಓಡಾಡಿದರು. ಅಷ್ಟರಲ್ಲಿ ಎದುರಿನವರು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿದ್ದರು. ಈ ನಂಬಿಕೆಯ ಮೇಲೆ ನನಗೆ ಇಷ್ಟು ಸಿಟ್ಟು ಇರುವುದು ಅದಕ್ಕೇ. ಸುಮ್ನೆ ತಪ್ಪು ತಿಳುವಳಿಕೆ ಆಗಿದ್ದರೆ ಬಿಡಬಹುದಿತ್ತು. ಇದು ಜನರ ವರ್ಷಗಳನ್ನು ತಿನ್ನುತ್ತದೆ. ದಾವೆ ಹಾಕಲು ಕಾಲಮಿತಿ ಇದೆ. ನೀವು ಅರ್ಜಿ ಮೇಲೆ ಅರ್ಜಿ ಕೊಡುತ್ತಾ ಕೂತರೆ ಆ ಗಡಿಯಾರ ನಿಲ್ಲುವುದಿಲ್ಲ.

ಅರ್ಜಿಗೆ ಕಚೇರಿ ಬರೆದು ಕೊಡುವ ಉತ್ತರ, ಅಂದರೆ ಹಿಂಬರಹದ ಕತೆಯೂ ಹೀಗೇ. 'ಸದರಿ ವಿಷಯವನ್ನು ಸಿವಿಲ್ ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳುವಂತೆ ಹಿಂಬರಹ ನೀಡಲಾಗಿದೆ' ಎಂಬ ಸಾಲು ಕಂಡ ಕೂಡಲೇ ಜನ ಅಧಿಕಾರಿಯನ್ನು ಬೈಯುತ್ತಾರೆ. ತಪ್ಪಿಸಿಕೊಂಡರು, ಕೈ ಬಿಸಿ ಮಾಡಿಲ್ಲ ಅಂತ ಹೀಗೆ ಮಾಡಿದರು ಎನ್ನುತ್ತಾರೆ. ಹಾಗೆ ತಪ್ಪಿಸಿಕೊಳ್ಳುವವರೂ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮಾಲೀಕತ್ವದ ತಕರಾರಿನಲ್ಲಿ ಆ ಹಿಂಬರಹ ನಿಮಗೆ ಸಿಗಬಹುದಾದ ಅತಿ ಪ್ರಾಮಾಣಿಕ ಉತ್ತರ.

ಇಷ್ಟು ಹೇಳಿದ ಮೇಲೂ ಒಬ್ಬರು ಏಳುತ್ತಾರೆ. "ನಮ್ಮ ಪಕ್ಕದ ಮನೆಯವರ ದಾನಪತ್ರವನ್ನು ಎಸಿಯೇ ರದ್ದು ಮಾಡಿದರಲ್ಲ?" ಹೌದು, ಮಾಡಿರಬಹುದು. 2007ರ ಹಿರಿಯ ನಾಗರಿಕರ ಕಾಯ್ದೆ ಅಂತ ಇದೆ. ನೋಡಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಆಮೇಲೆ ಅಪ್ಪ ಅಮ್ಮನನ್ನು ಬಿಟ್ಟರೆ, ಆ ಪತ್ರವನ್ನು ರದ್ದು ಮಾಡುವ ಅಧಿಕಾರ ಆ ಕಾಯ್ದೆಯ ನ್ಯಾಯಮಂಡಳಿಗೆ ಇದೆ. ಅದರ ಅಧ್ಯಕ್ಷರು ಎಸಿ. ಅಪೀಲು ಡಿಸಿಯವರಿಗೆ. ಹಾಗೆಯೇ 1978ರ ಪಿಟಿಸಿಎಲ್ ಕಾಯ್ದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಷರತ್ತು ಮುರಿದು ಪರಭಾರೆ ಮಾಡಿದ್ದರೆ ಎಸಿ ಅದನ್ನು ವಾಪಸ್ ಕೊಡಿಸಬಹುದು. ಅಲ್ಲೂ ಅಪೀಲು ಡಿಸಿಯವರಿಗೇ. ಈ ಎರಡೂ ಕಡೆ ಶಾಸನ ಸಭೆ ಕೂತು, ಇಂಥ ವಿಷಯಕ್ಕೆ ಇಂಥ ಅಧಿಕಾರಿಗೆ ಇಷ್ಟು ಅಧಿಕಾರ ಎಂದು ಬರೆದು ಕೊಟ್ಟಿದೆ. ಅಣ್ಣ ತಮ್ಮಂದಿರ ಪಾಲಿನ ಬಗ್ಗೆ ಹಾಗೆ ಬರೆದು ಕೊಟ್ಟಿಲ್ಲ.

ಪೈಸಾರಿ, ಅಂದರೆ ಸರ್ಕಾರಿ ಜಾಗದ ವಿಷಯ ಬೇರೆ. ಒಂದು ಜಾಗ ಸರ್ಕಾರದ್ದಾ ನಿಮ್ಮದಾ ಎಂಬ ಪ್ರಶ್ನೆ ಬಂದರೆ ಭೂ ಕಂದಾಯ ಕಾಯ್ದೆಯ ಕಲಂ 67ರ ಕೆಳಗೆ ಡಿಸಿ ವಿಚಾರಣೆ ಮಾಡಿ ಆದೇಶ ಮಾಡಬಹುದು. ಅದನ್ನೂ ಕೋರ್ಟಿನಲ್ಲಿ ಪ್ರಶ್ನಿಸಬಹುದು. ಆದರೆ ಅದು ಸರ್ಕಾರಕ್ಕೂ ನಿಮಗೂ ನಡುವಿನ ತಕರಾರು. ನಿಮಗೂ ದೊಡ್ಡಪ್ಪನ ಮಕ್ಕಳಿಗೂ ನಡುವಿನದ್ದಲ್ಲ.

ಇನ್ನು ಕೆಲವರು ಪೊಲೀಸ್ ಠಾಣೆ ದಾರಿ ಹಿಡಿಯುತ್ತಾರೆ. ತೋಟದಲ್ಲಿ ಕೈಕೈ ಮಿಲಾಯಿಸಿದರೆ ಕಾರ್ಯನಿರ್ವಾಹಕ ದಂಡಾಧಿಕಾರಿಯ ಮುಂದೆ ಪ್ರಕರಣ ಹೋಗಬಹುದು, ನಿಜ. ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) ಕಲಂ 145, ಈಗ 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 164. ತಹಶೀಲ್ದಾರರು, ಎಸಿ ಈ ಕೆಲಸ ಮಾಡುವಾಗ ಕೇಳುವುದು ಒಂದೇ ಪ್ರಶ್ನೆ: ಸ್ವಾಧೀನ ಯಾರದ್ದಿತ್ತು? ಜಾಗ ಯಾರದ್ದು ಎಂಬ ಪ್ರಶ್ನೆಗೆ ಕೈ ಹಾಕಬಾರದು ಎಂದು ಆ ಕಲಮೇ ಹೇಳುತ್ತದೆ. ಜಗಳ ಹೊಡೆದಾಟಕ್ಕೆ ಹೋಗದ ಹಾಗೆ ತಡೆಯುವುದಷ್ಟೇ ಅದರ ಉದ್ದೇಶ.

ಡಿಸಿ ನಿಮ್ಮ ಪಾಲಿನ ವಿಷಯದಲ್ಲಿ ಬರುವ ಒಂದು ಸಂದರ್ಭ ಇದೆ. ಜಾಸ್ತಿ ಜನರಿಗೆ ಗೊತ್ತಿಲ್ಲ. ಕಂದಾಯ ಕಟ್ಟುವ ಜಮೀನಿನ ಪಾಲಿಗೆ ಕೋರ್ಟು ಡಿಕ್ರಿ ಮಾಡಿದರೆ, ನೆಲದ ಮೇಲೆ ಅಳೆದು ಬಿಡಿಸಿ ಕೊಡುವ ಕೆಲಸ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 54ರ ಪ್ರಕಾರ ಕಲೆಕ್ಟರ್ ಕಡೆಗೆ ಹೋಗುತ್ತದೆ. ಕಲೆಕ್ಟರ್ ಅಂದರೆ ನಮ್ಮಲ್ಲಿ ಡಿಸಿ, ಅಥವಾ ಅವರ ಕೈಕೆಳಗಿನ ಗೆಜೆಟೆಡ್ ಅಧಿಕಾರಿ. ಯಾರಿಗೆ ಎಷ್ಟು ಎಂದು ಹೇಳುವುದು ಕೋರ್ಟು. ಯಾವ ಬೇಲಿಯಿಂದ ಯಾವ ತೋಡಿನ ತನಕ ಎಂದು ಬಿಡಿಸುವುದು ಕಂದಾಯದವರು. ಈ ಎರಡು ಕೆಲಸದ ನಡುವಿನ ಗೆರೆ ಅರ್ಥವಾದರೆ ನನ್ನ ಅರ್ಧ ಶ್ರಮ ಸಾರ್ಥಕ.

ಹಾಗಾದರೆ ಡಿಸಿ ಹತ್ತಿರ ಹೋಗುವುದೇ ಬೇಡವಾ? ಖಂಡಿತ ಹೋಗಿ, ಸರಿಯಾದ ಕೆಲಸಕ್ಕೆ ಹೋಗಿ. ತಕರಾರೇ ಇಲ್ಲದ ಪೌತಿ ಖಾತೆಯನ್ನು ತಿಂಗಳುಗಟ್ಟಲೆ ಕೂರಿಸಿದ್ದರೆ ಹೋಗಿ. ಅದಕ್ಕೆ ಮೊದಲು ಸಕಾಲ (ನಿಗದಿತ ಅವಧಿಯಲ್ಲಿ ಸರ್ಕಾರಿ ಸೇವೆ ಕೊಡುವ ಕಾಯ್ದೆ) ಸ್ವೀಕೃತಿ ನಂಬರ್ ಇಟ್ಟುಕೊಳ್ಳಿ. 2011ರ ಆ ಕಾಯ್ದೆಯಲ್ಲಿ ತಡವಾದ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿ ತನಕ ಪರಿಹಾರ ಇದೆ. ಹಣ ಸಣ್ಣದು, ಆದರೆ ತಡ ಮಾಡಿದವರ ಹೆಸರು ದಾಖಲೆಗೆ ಬರುತ್ತದೆ. ಊರಿನ ದಾರಿ ಮುಚ್ಚಿದರೆ, ದೇವರಕಾಡು ಒತ್ತುವರಿಯಾದರೆ, ಬರೆ (ಗುಡ್ಡದ ಇಳಿಜಾರು) ಕುಸಿದು ಮನೆ ಹೋದರೆ ಡಿಸಿಯವರ ಬಾಗಿಲು ತಟ್ಟಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಅವರೇ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಆ ಅಧಿಕಾರದ ತೂಕ ಏನು ಅಂತ ನಾವೆಲ್ಲ ಕಂಡಿದ್ದೇವೆ. ಜನರನ್ನು ಸ್ಥಳಾಂತರ ಮಾಡುವುದು, ರಸ್ತೆ ಮುಚ್ಚುವುದು, ಶಾಲೆ ಕಟ್ಟಡವನ್ನು ಪರಿಹಾರ ಕೇಂದ್ರ ಮಾಡುವುದು, ಅಲ್ಲಿ ಅವರ ಮಾತು ನಡೆಯಬೇಕು. ಮಳೆಗಾಲದಲ್ಲಿ ಮಕ್ಕಳು ಬೆಳಿಗ್ಗೆ ಎದ್ದು ಕಾಯುವ ರಜೆಯ ಪ್ರಕಟಣೆಯೂ ಅದೇ ಮೇಜಿನಿಂದ ಬರುತ್ತದೆ.

ಬರೆಯುತ್ತಾ ಇರುವಾಗ ಇನ್ನೊಂದು ಪ್ರಶ್ನೆ ನೆನಪಾಯಿತು. ಇದನ್ನು ನನ್ನ ಹತ್ತಿರ ಯಾರೂ ಕೇಳಿಲ್ಲ. ಡಿಸಿ ಅಂದರೆ ಡೆಪ್ಯುಟಿ ಕಮಿಷನರ್. ಯಾವ ಕಮಿಷನರಿಗೆ ಡೆಪ್ಯುಟಿ?

ಉತ್ತರ ಹಳೇ ಕಾಲದಲ್ಲಿದೆ. 1831ರಿಂದ 1881ರ ತನಕ ಮೈಸೂರನ್ನು ಬ್ರಿಟಿಷ್ ಕಮಿಷನರುಗಳು ಆಳಿದರು. 1834ರಲ್ಲಿ ಚಿಕ್ಕವೀರರಾಜೇಂದ್ರರನ್ನು ಇಳಿಸಿ ಕೊಡಗನ್ನು ತೆಗೆದುಕೊಂಡ ಮೇಲೆ ನಮ್ಮಲ್ಲೂ ಅದೇ ಕೈ ಬಂತು. ಮೈಸೂರು ಒಡೆಯರಿಗೆ ವಾಪಸ್ ಹೋದ ಮೇಲೆ ಮೈಸೂರಿನಲ್ಲಿದ್ದ ಬ್ರಿಟಿಷ್ ಪ್ರತಿನಿಧಿ, ಅಂದರೆ ರೆಸಿಡೆಂಟರೇ ಕೊಡಗಿಗೆ ಚೀಫ್ ಕಮಿಷನರ್ ಆದರು. 1952ರಲ್ಲಿ ಚುನಾವಣೆ ಆಗಿ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ ಆಗುವ ತನಕ ಕೊಡಗಿನ ಆಡಳಿತ ಚೀಫ್ ಕಮಿಷನರ್ ಕೈಯಲ್ಲೇ ಇತ್ತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿ ಒಂದು ಜಿಲ್ಲೆ ಆದೆವು. ತಹಶೀಲ್ದಾರರನ್ನು ಸುಬೇದಾರ್ ಎಂದು ಕರೆಯುತ್ತಿದ್ದ ಅಜ್ಜಂದಿರ ಕಾಲದಲ್ಲಿ ಕಮಿಷನರ್ ಅಂದರೆ ಸರ್ಕಾರವೇ. ನಮ್ಮ ಜನರ ಮನಸ್ಸಿನಲ್ಲಿ ಡಿಸಿಗೆ ಇರುವ ಆ ದೊಡ್ಡ ಕುರ್ಚಿ ಅಲ್ಲಿಂದ ಬಂದದ್ದು ಎಂದು ನನ್ನ ಅನಿಸಿಕೆ. ಕಾನೂನು ಆಮೇಲೆ ಬದಲಾಯಿತು. ಸಂವಿಧಾನದ 50ನೇ ವಿಧಿ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರೆ ಮಾಡಿ ಎಂದಿತು. 1973ರ ಸಿಆರ್‌ಪಿಸಿ ನ್ಯಾಯಿಕ ದಂಡಾಧಿಕಾರಿಗಳನ್ನೂ ಕಾರ್ಯನಿರ್ವಾಹಕ ದಂಡಾಧಿಕಾರಿಗಳನ್ನೂ ಬೇರೆ ಬೇರೆ ಮಾಡಿತು. ಕುರ್ಚಿಯ ಹೆಸರು ಮಾತ್ರ ಹಾಗೇ ಉಳಿಯಿತು.

ಈಗ ಡಿಸಿಯವರ ಮೇಲೆ ಮೈಸೂರಿನಲ್ಲಿ ಪ್ರಾದೇಶಿಕ ಆಯುಕ್ತರು ಇದ್ದಾರೆ. ಇದನ್ನು ಓದಿ ಯಾರೂ ಮೈಸೂರು ಬಸ್ಸು ಹತ್ತಬೇಡಿ. ನಿಮ್ಮ ಜಾಗ ಯಾರದ್ದು ಎಂದು ಹೇಳುವ ಅಧಿಕಾರ ಅವರಿಗೂ ಇಲ್ಲ.

ವಿರಾಜಪೇಟೆಯ ಓದುಗರಿಗೆ ಕೊನೆಯದಾಗಿ, ಸ್ವಲ್ಪ ಕಷ್ಟದ ಮಾತು. ಅಪ್ಪನ ಕಾಲದಿಂದ ನೀವೇ ತೋಟ ನೋಡಿಕೊಂಡಿದ್ದೀರಿ ಎಂಬ ಒಂದೇ ಕಾರಣಕ್ಕೆ ದೊಡ್ಡಪ್ಪನ ಮಕ್ಕಳ ಹಕ್ಕು ಹೋಗುವುದಿಲ್ಲ. ಒಟ್ಟು ಆಸ್ತಿಯಲ್ಲಿ ಒಬ್ಬರ ಸ್ವಾಧೀನವನ್ನು ಎಲ್ಲರ ಪರವಾದ ಸ್ವಾಧೀನ ಎಂದೇ ಕಾನೂನು ತಿಳಿಯುತ್ತದೆ. ಬೇರೆ ಮಾತು ಸಾಬೀತು ಮಾಡುವ ಹೊರೆ ನಿಮ್ಮದು. ವಂಶವೃಕ್ಷ, ಹಳೆಯ ಪಹಣಿ, ಕಂದಾಯ ಕಟ್ಟಿದ ರಶೀದಿ, ಮ್ಯುಟೇಷನ್ ಪ್ರತಿ, ಪಾಲುಪತ್ರ ಇದ್ದರೆ ಅದು, ಎಲ್ಲವನ್ನೂ ದೃಢೀಕೃತ ನಕಲು ತೆಗೆಸಿ ಇಟ್ಟುಕೊಳ್ಳಿ. ಮಡಿಕೇರಿಗೆ ಹೋಗುವ ಆ ಒಂದು ದಿನವನ್ನು ವಿರಾಜಪೇಟೆ ಕೋರ್ಟಿನ ಒಬ್ಬ ಒಳ್ಳೆಯ ವಕೀಲರ ಮುಂದೆ ಕಳೆಯಿರಿ. ಅದಕ್ಕೂ ಮೊದಲು, ಈ ಪುತ್ತರಿಗೆ ಐನ್‌ಮನೆಯಲ್ಲಿ ಎಲ್ಲರೂ ಸೇರಿದಾಗ ಒಕ್ಕದ, ಅಂದರೆ ವಂಶದ ಹಿರಿಯರನ್ನು ಕೂರಿಸಿಕೊಂಡು ಮಾತಾಡಿ ನೋಡಿ. ಅಲ್ಲಿ ಒಪ್ಪಿಗೆ ಆದರೆ 11ಇ ಸ್ಕೆಚ್ (ಪಾಲಾಗುವ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಮಾಡಿಸಿ, ಪಾಲುಪತ್ರ ನೋಂದಣಿ ಮಾಡಿಸಿ. ಆ ಕಾಗದ ಹಿಡಿದು ತಾಲ್ಲೂಕು ಕಚೇರಿಗೆ ಹೋದರೆ ನೀವು ಕೇಳಿದ ಖಾತೆ ಅಲ್ಲಿಯೇ ಆಗುತ್ತದೆ.