ಶೆಟ್ಟಿಹಳ್ಳಿ ಚರ್ಚ್: ನೀರು ಏರಿದಾಗಲ್ಲ, ಇಳಿದಾಗ ಬೀಳುವ ಪೆಟ್ಟು

ಮುಂಗಾರು ಜೋರಾದರೆ ಹಾಸನದಲ್ಲಿ ಒಂದು ಪ್ರಶ್ನೆ ಶುರುವಾಗುತ್ತದೆ: ಶೆಟ್ಟಿಹಳ್ಳಿ ಚರ್ಚ್ ಮುಳುಗಿತಾ? ಬೇಸಿಗೆ ಬಂದರೆ ಇನ್ನೊಂದು: ಈಗ ಒಳಗೆ ಹೋಗಬಹುದಾ? ಹೇಮಾವತಿ ಹಿನ್ನೀರಿನ ಈ ರೋಸರಿ ಚರ್ಚಿನ ಫೋಟೋಗಳು ಬೇಕಾದಷ್ಟಿವೆ. ಅದು ಈ ಸ್ಥಿತಿಗೆ ಬಂದ ಕಥೆ ಮಾತ್ರ ಕಲಸುಮೇಲೋಗರವಾಗಿದೆ.

ಮೊದಲು ವಯಸ್ಸು. ಕೆಲವರು 200 ವರ್ಷ ಅಂತಾರೆ, ಕೆಲವರು 150. ಟಿಪ್ಪು ಕಾಲ ಮುಗಿದ ಮೇಲೆ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಮೈಸೂರು ಸೀಮೆಯಲ್ಲಿ ಓಡಾಡಿಕೊಂಡಿದ್ದರು. 1823ರಲ್ಲಿ ಫ್ರಾನ್ಸಿಗೆ ಮರಳಿದರು. ಇಲ್ಲಿನ ಕ್ರೈಸ್ತರ ನೆನಪು ಅವರವರೆಗೂ ಹೋಗುತ್ತದೆ. ಆದರೆ ಚೂಪು ಕಮಾನುಗಳ ಗೋಥಿಕ್ ಶೈಲಿಯ ಈ ಕಟ್ಟಡವನ್ನು ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು 1860ರ ದಶಕದಲ್ಲಿ. ಎರಡೂ ಬೆರೆತು ಒಂದೇ ಕಥೆಯಾಗಿದೆ.

ಮುಂದಿನ ನೂರು ವರ್ಷ ಬಲಿಪೂಜೆ (ಚರ್ಚಿನ ಪ್ರಾರ್ಥನಾ ವಿಧಿ), ಮದುವೆ, ಹಬ್ಬಗಳಲ್ಲೇ ಕಳೆಯಿತು. 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಮೈಸೂರಿನಿಂದ ಬೇರೆಯಾದಾಗ ಹಾಸನವೂ ಅದಕ್ಕೆ ಸೇರಿತು.

ಆಮೇಲೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆ ಬಂತು. 1979ರಲ್ಲಿ ಕೆಲಸ ಮುಗಿಯಿತು. ಗರಿಷ್ಠ ಮಟ್ಟ 2,922 ಅಡಿ, ಸಾಮರ್ಥ್ಯ ಸುಮಾರು 37 ಟಿಎಂಸಿ. ಹಾಸನ, ಮಂಡ್ಯ, ತುಮಕೂರಿನ ಎಷ್ಟೋ ಹೊಲಗದ್ದೆಗಳಿಗೆ ಈ ನೀರೇ ಆಧಾರ. ಅಣೆಕಟ್ಟೆ ಬೇಡವಾಗಿತ್ತು ಅಂತ ಯಾರೂ ಹೇಳಲಾರರು. ಆದರೆ ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯ್ದೆಗೆ ಗೊತ್ತಿದ್ದದ್ದು ಪರಿಹಾರದ ದುಡ್ಡು ಮಾತ್ರ. ಪುನರ್ವಸತಿ ಕಾಯ್ದೆಯೊಳಗೆ ಬಂದದ್ದು 2013ರಲ್ಲಿ. ಇತ್ತ 1958ರ ಕೇಂದ್ರ ಸ್ಮಾರಕ ಕಾಯ್ದೆ ಪ್ರಕಾರ ಪುರಾತನ ಸ್ಮಾರಕ ಅನ್ನಿಸಿಕೊಳ್ಳಲು ಕಟ್ಟಡಕ್ಕೆ ಕನಿಷ್ಠ 100 ವರ್ಷ ಆಗಿರಬೇಕು. ಅಣೆಕಟ್ಟೆ ಕೆಲಸ ನಡೆಯುವಾಗ ಈ ಚರ್ಚ್ ಆ ಗೆರೆಯ ಆಸುಪಾಸಿನಲ್ಲಿತ್ತು. ಜನ ಹೊಸ ಊರುಗಳಿಗೆ ಹೋದರು, ಕಟ್ಟಡ ಅಲ್ಲೇ ನಿಂತಿತು.

ಅದು ಹಾಳಾಗುತ್ತಿರುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇದು ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಕಟ್ಟಡ. ಗಾರೆಗೆ ಬೆಲ್ಲ, ಮೊಟ್ಟೆ ಸೇರಿಸಿದ್ದರು ಅಂತ ಹಾಸನದಲ್ಲಿ ಹೇಳುತ್ತಾರೆ. ಆದರೂ ಸುಣ್ಣ ಸುಣ್ಣವೇ. ನೀರಲ್ಲಿ ನಿಂತಷ್ಟೂ ಚೂರುಚೂರಾಗಿ ಕರಗುತ್ತದೆ. ಮಳೆಗಾಲದಲ್ಲಿ ಇಟ್ಟಿಗೆ ನೀರು ಹೀರುತ್ತದೆ. ಬಿಸಿಲು ಬಿದ್ದಾಗ ಆ ನೀರು ಹೊರಬರುತ್ತಾ ಒಳಗಿನ ಉಪ್ಪನ್ನೂ ಮೇಲ್ಮೈಗೆ ತರುತ್ತದೆ. ಉಪ್ಪು ಹರಳುಗಟ್ಟಿ ಒಳಗಿಂದ ಒತ್ತಿದಾಗ ಗಿಲಾವು ಸಿಪ್ಪೆಯಂತೆ ಏಳುತ್ತದೆ. ಕಂಬಗಳ ಬುಡದಲ್ಲಿ ಇಟ್ಟಿಗೆ ಕಾಣುವುದು ಇದಕ್ಕೇ. ಮೇಲೆ ಛಾವಣಿ ಇಲ್ಲ, ಹಾಗಾಗಿ ಗೋಡೆಯ ನೆತ್ತಿಯಿಂದಲೂ ಮಳೆ ಇಳಿಯುತ್ತದೆ. ವರ್ಷವಿಡೀ ನೀರಲ್ಲೇ ಇದ್ದಿದ್ದರೆ ಇಷ್ಟು ಬೇಗ ಸವೆಯುತ್ತಿರಲಿಲ್ಲ. ಒಣನೆಲದಲ್ಲಿದ್ದಿದ್ದರೆ ರಿಪೇರಿ ಮಾಡಬಹುದಿತ್ತು. ಎರಡರ ನಡುವೆ ಸಿಕ್ಕಿಬಿದ್ದಿರುವುದೇ ಇದರ ಕಷ್ಟ.

ಇದೇ ಗೋಥಿಕ್ ಶೈಲಿಯಲ್ಲಿ 1882ರಲ್ಲಿ ಮುಗಿದ ಬೆಂಗಳೂರು ಶಿವಾಜಿನಗರದ ಸೇಂಟ್ ಮೇರೀಸ್ ಚರ್ಚ್ ಇಂದು ಬೆಸಿಲಿಕಾ, ಅಂದರೆ ಪೋಪ್ ವಿಶೇಷ ಗೌರವ ಕೊಟ್ಟ ಚರ್ಚ್. ಅದರ ಬಣ್ಣದ ಗಾಜಿನ ಕಿಟಕಿಗಳ ಕೆಳಗೆ ದಿನಾ ಪೂಜೆ ನಡೆಯುತ್ತದೆ. ಅದನ್ನು ನೋಡಿ ಬಂದವರಿಗೆ ಶೆಟ್ಟಿಹಳ್ಳಿಯ ಖಾಲಿ ಕಮಾನುಗಳ ಆಚೆ ಏನಿತ್ತು ಅಂತ ಅಂದಾಜು ಸಿಗುತ್ತದೆ. ಅದಕ್ಕೇ ಹೊಟ್ಟೆ ಜಾಸ್ತಿ ಉರಿಯುತ್ತದೆ.

ಪೂರ್ತಿ ಉಳಿಸಲು ಆಗದಿದ್ದರೂ ಮಾಡಬಹುದಾದ ಕೆಲಸಗಳಿವೆ. ಪ್ರತಿ ಕಮಾನನ್ನೂ ಅಳೆದು ನಕ್ಷೆ ಬರೆದಿಡಬಹುದು. ಗೋಡೆ ಹತ್ತುವುದನ್ನು, ಹೆಸರು ಕೆತ್ತುವುದನ್ನು ತಡೆಯಬಹುದು. ಗೋಡೆಗಳ ನೆತ್ತಿಗೆ ಸುಣ್ಣದ ಗಾರೆ ಮುಚ್ಚಬಹುದು. ಸಿಮೆಂಟ್ ಮಾತ್ರ ಬೇಡ, ಅದು ತೇವವನ್ನು ಒಳಗೇ ಹಿಡಿದು ಇಟ್ಟಿಗೆಯನ್ನು ಇನ್ನಷ್ಟು ಒಡೆಯುತ್ತದೆ. ನೀರು ಇಳಿದ ಮೇಲೆ ಸಿಗುವುದು ಕೆಲವೇ ತಿಂಗಳು. ಸುಣ್ಣದ ಗಾರೆ ಗಟ್ಟಿಯಾಗಲು ವಾರಗಟ್ಟಲೆ ಬೇಕು. ಬೇಸಿಗೆ ಬಂದ ಮೇಲೆ ಸಭೆ ಕರೆದರೆ ತಡವಾಯಿತು, ಚರ್ಚ್ ನೀರಲ್ಲಿರುವಾಗಲೇ ತೀರ್ಮಾನ ಆಗಿರಬೇಕು.