ಪ್ಲೇಟ್‌ಲೆಟ್ ಎಣಿಸುವ ಮೊದಲು ಕಾಲು ನೋಡಿ

ಕಕ್ಕಡದ (ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವ ತಿಂಗಳು) ಮಳೆಯಲ್ಲಿ ಕೊಡಗಿನ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೂ ಬೆಂಚಿನ ಮೇಲೆ ಜ್ವರದವರೇ. ಅರ್ಧ ಜನರ ಕೈಯಲ್ಲಿ ಆಗಲೇ ಒಂದು ಲ್ಯಾಬ್ ಚೀಟಿ ಇರುತ್ತದೆ. ಅದರಲ್ಲಿ ಒಂದೇ ಒಂದು ಅಂಕಿಗೆ ಪೆನ್ನಿನಿಂದ ಸುತ್ತು ಹಾಕಿರುತ್ತದೆ: ಪ್ಲೇಟ್‌ಲೆಟ್ 90,000. "ಡೆಂಗಿ ಅಂತೆ ಡಾಕ್ಟ್ರೇ."

ಆ ಅಂಕಿ ಡೆಂಗಿ ಎಂದು ಹೇಳುವುದೇ ಇಲ್ಲ. ಇಲಿಜ್ವರದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ನುಸಿಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನಲ್ಲೂ ಇಳಿಯುತ್ತದೆ, ಮಲೇರಿಯಾದಲ್ಲೂ ಇಳಿಯುತ್ತದೆ. ಡೆಂಗಿ ವೈರಸ್ಸಿನದ್ದು, ಆಂಟಿಬಯೋಟಿಕ್ ಬೇಡ. ಇಲಿಜ್ವರಕ್ಕೂ ಸ್ಕ್ರಬ್‌ಗೂ ಬೇಕು, ಅದೂ ಮೊದಲ ದಿನಗಳಲ್ಲೇ ಬೇಕು. ಹೆಸರು ತಪ್ಪಿದರೆ ಮೂತ್ರಪಿಂಡ ಕೈಕೊಡುವ ತನಕ ಮನೆಯವರು ಪಪ್ಪಾಯಿ ಎಲೆ ಅರೆಯುತ್ತ ಕೂರುತ್ತಾರೆ.

ಹಾಗಾಗಿ ಚೀಟಿ ಪಕ್ಕಕ್ಕಿಟ್ಟು ಮೊದಲು ಎರಡು ವಿಷಯ ತಿಳಿದುಕೊಳ್ಳಬೇಕು: ಇವತ್ತು ಜ್ವರದ ಎಷ್ಟನೇ ದಿನ, ಮತ್ತು ಹಿಂದಿನ ಎರಡು ವಾರ ಈ ಕಾಲು ಎಲ್ಲೆಲ್ಲಿ ಇತ್ತು.

ದಿನದ ಲೆಕ್ಕ ಸಲೀಸಲ್ಲ. "ಎರಡು ದಿನದಿಂದ" ಎನ್ನುವವರಿಗೆ ಮೈಕೈ ನೋವು, ಚಳಿ ನಾಲ್ಕು ದಿನದಿಂದ ಇರುತ್ತದೆ. ಕೆಲಸ ಬಿಟ್ಟು ಮಲಗಿದ್ದು ಮಾತ್ರ ಎರಡು ದಿನ. ಬಟವಾಡೆ ದಿನ ಚೆನ್ನಾಗಿದ್ದಿರಾ, ಸಂತೆಗೆ ಹೋಗಿದ್ದಿರಾ, ಅವತ್ತು ರಾತ್ರಿ ಹೊದ್ದುಕೊಳ್ಳುವಷ್ಟು ಚಳಿ ಇತ್ತಾ ಎಂದು ಕೇಳಿದರೆ ಸರಿಯಾದ ದಿನ ಸಿಗುತ್ತದೆ. ಈ ಲೆಕ್ಕ ಯಾಕೆ ಮುಖ್ಯ ಎಂದರೆ ಪರೀಕ್ಷೆಗಳಿಗೂ ದಿನವಿದೆ. ಡೆಂಗಿಯ ಎನ್‌ಎಸ್‌1 ಪರೀಕ್ಷೆ ರಕ್ತದಲ್ಲಿ ವೈರಸ್ಸಿನದೇ ಪ್ರೋಟೀನು ಹುಡುಕುತ್ತದೆ, ಮೊದಲ ಐದು ದಿನ ಉಪಯೋಗಕ್ಕೆ ಬರುತ್ತದೆ. ಮೈ ರೋಗಕ್ಕೆದುರಾಗಿ ಮಾಡುವ ಪ್ರತಿಕಾಯವನ್ನು ನೋಡುವ ಐಜಿಎಂ ಪರೀಕ್ಷೆ, ಡೆಂಗಿಯದಾಗಲಿ ಇಲಿಜ್ವರದ್ದಾಗಲಿ, ಐದನೇ ದಿನದ ಆಚೆಗೇ ನಂಬುವ ಹಾಗಿರುತ್ತದೆ. ಎರಡನೇ ದಿನ ಮಾಡಿಸಿದ ಇಲಿಜ್ವರದ ಪರೀಕ್ಷೆ "ನೆಗೆಟಿವ್" ಬಂದರೆ ಅದಕ್ಕೆ ಬೆಲೆ ಇಲ್ಲ. ವೈಡಾಲ್ ಅಂತೂ ಬಿಡಿ. ಒಂದೇ ಸಲದ ವೈಡಾಲ್ ನೋಡಿ ಟೈಫಾಯಿಡ್ ಎಂದು ಬರೆದುಕೊಡುವ ಅಭ್ಯಾಸ ಇನ್ನೂ ಹೋಗಿಲ್ಲ, ಹೋಗಬೇಕು.

ಇನ್ನು ಕಾಲಿನ ವಿಷಯ. ಇಲಿಜ್ವರ ತರುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಇಲಿ, ದನ, ಹಂದಿ, ನಾಯಿಗಳ ಮೂತ್ರದಿಂದ ಕೆಸರಿಗೂ ನಿಂತ ನೀರಿಗೂ ಸೇರಿ, ಒಡೆದ ಹಿಮ್ಮಡಿಯಿಂದಲೋ ಸಣ್ಣ ಗಾಯದಿಂದಲೋ ಮೈಯೊಳಗೆ ಇಳಿಯುತ್ತದೆ. ಸಾಮಾನ್ಯವಾಗಿ 5ರಿಂದ 14 ದಿನದಲ್ಲಿ ಜ್ವರ ಬರುತ್ತದೆ. ಜುಲೈ, ಆಗಸ್ಟ್ ಎಂದರೆ ಇಲ್ಲಿ ನಾಟಿ. ದಿನವಿಡೀ ಗದ್ದೆಯ ನೀರಲ್ಲಿ ಕಾಲು, ಸಂಜೆ ಏಡಿ ಹಿಡಿಯಲು ತೋಡಿನಲ್ಲಿ ಕೈ. ತೋಟದ ಕಾರ್ಮಿಕರ ಲೈನ್ ಮನೆಯ ಹಿಂದಿನ ಚರಂಡಿ, ಕೊಟ್ಟಿಗೆ ತೊಳೆಯುವುದು, ಹಂದಿಗೂಡು ಗುಡಿಸುವುದು ಇವೂ ಅಷ್ಟೇ. "ಏನು ಕೆಲಸ?" ಎಂದು ಕೇಳಿದರೆ "ಕೂಲಿ" ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ನಿನ್ನೆ ಯಾವ ಗದ್ದೆ, ಮೊನ್ನೆ ಯಾವ ತೋಟ, ಬೂಟು ಇತ್ತಾ ಎಂದು ಬಿಡಿಸಿ ಕೇಳಬೇಕು. ಅಸ್ಸಾಮಿನಿಂದ ಬಂದ ಕಾರ್ಮಿಕರಾದರೆ ಭಾಷೆ ಬಲ್ಲ ಜೊತೆಯವರನ್ನು ಒಳಗೆ ಕರೆಯಿರಿ, ಮಲೇರಿಯಾಕ್ಕೆ ರಕ್ತಲೇಪನವನ್ನೂ ತಪ್ಪದೆ ಮಾಡಿಸಿ.

ಆಮೇಲೆ ಪ್ಯಾಂಟು ಮೇಲೆತ್ತಿಸಿ ಮೀನಖಂಡವನ್ನು ಹೆಬ್ಬೆರಳು ಮತ್ತು ನಾಲ್ಕು ಬೆರಳ ನಡುವೆ ಮೆಲ್ಲಗೆ ಒತ್ತಿ. ಇಲಿಜ್ವರದವರು ಅಷ್ಟಕ್ಕೇ ಕಾಲು ಎಳೆದುಕೊಳ್ಳುತ್ತಾರೆ. ನಾಟಿ ಹಾಕಿದ ಕಾಲು ಹೇಗಿದ್ದರೂ ನೋಯುತ್ತದೆ ಎಂಬ ಮಾತು ನಿಜ, ಆದರೆ ದುಡಿದ ನೋವು ಒತ್ತಿದರೆ ಹಿತ ಎನಿಸುತ್ತದೆ. ಇದು ಮುಟ್ಟಲೂ ಬಿಡುವುದಿಲ್ಲ. ನಂತರ ಕಣ್ಣು. ಬಿಳಿಭಾಗ ಕೆಂಪಗಿರುತ್ತದೆ, ಆದರೆ ಪಿಸುರು ಇರುವುದಿಲ್ಲ, ರೆಪ್ಪೆ ಅಂಟಿಕೊಳ್ಳುವುದಿಲ್ಲ. ಅಂಟಿಕೊಂಡರೆ ಅದು ಸಾಧಾರಣ ಕಣ್ಣುಬೇನೆ. ಹಸಿ ಸೌದೆಯ ಹೊಗೆಗೂ ಕಣ್ಣು ಕೆಂಪಾಗುತ್ತದೆ, ಆದ್ದರಿಂದ ಕಣ್ಣೊಂದನ್ನೇ ನಂಬಬೇಡಿ.

ಕಣ್ಣು ಹಳದಿಯಾದರೆ ಮನೆಯವರು ಕಾಮಾಲೆ ಎಂದು ನಾಟಿ ಮದ್ದಿಗೆ ಓಡುತ್ತಾರೆ, ಮೂರು ದಿನ ಅಲ್ಲಿ ಕಳೆಯುತ್ತದೆ. ವ್ಯತ್ಯಾಸ ಹಿಡಿಯುವುದು ಕಷ್ಟವಲ್ಲ. ವೈರಸ್ ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಸಾಮಾನ್ಯವಾಗಿ ಬಿಟ್ಟಿರುತ್ತದೆ. ಇಲಿಜ್ವರದಲ್ಲಿ ಹಳದಿಯೂ ಜ್ವರವೂ ಒಟ್ಟಿಗೇ ಇರುತ್ತವೆ, ಮೈಕೈ ನೋವೂ ಬಿಟ್ಟಿರುವುದಿಲ್ಲ. ಇಂಥವರನ್ನು ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳಿಸಬೇಕು.

ಮೂತ್ರದ ಬಗ್ಗೆ ಒಂದು ಕೊಡಗಿನದೇ ಆದ ತೊಡಕಿದೆ. ಆಗಸ್ಟ್ 3ರ ಸುಮಾರಿಗೆ, ಕಕ್ಕಡ ಹದಿನೆಂಟರಂದು, ಮದ್ದುಸೊಪ್ಪಿನ ಪಾಯಸ ತಿಂದ ಮನೆಗಳಲ್ಲಿ ಎಲ್ಲರ ಮೂತ್ರವೂ ಕೆಂಪು. ಅದು ಸೊಪ್ಪಿನ ಬಣ್ಣ, ಹೆದರಬೇಕಿಲ್ಲ. ಆದರೆ ಅದೇ ವಾರ ಜ್ವರ ಬಂದವನ ಮೂತ್ರ ಕಂದಾದಾಗ "ಮದ್ದುಸೊಪ್ಪು ತಿಂದಿದ್ದಕ್ಕೆ" ಎಂದು ಸುಮ್ಮನಾಗುವುದುಂಟು. ತಿಂದದ್ದು ಯಾವತ್ತು ಎಂದು ಕೇಳಿ. ತಿಂದ ಎರಡು ಮೂರು ದಿನದ ಮೇಲೂ ಬಣ್ಣ ಉಳಿದಿದ್ದರೆ ಸೊಪ್ಪಿನ ಮೇಲೆ ಹಾಕಬೇಡಿ. ಬಣ್ಣಕ್ಕಿಂತ ಅಳತೆ ಮುಖ್ಯ. ಒಂದು ಲೀಟರಿನ ನೀರಿನ ಬಾಟಲಿಯ ಕತ್ತು ಕತ್ತರಿಸಿ, 100 ಮಿ.ಲೀ.ಗೊಂದು ಗೆರೆ ಎಳೆದು ಕೊಡಿ. 60 ಕಿಲೋ ತೂಕದವರಿಗೆ ಗಂಟೆಗೆ 30 ಮಿ.ಲೀ. ಆದರೂ ಬರಬೇಕು. ದಿನಕ್ಕೆ 400 ಮಿ.ಲೀ.ಗಿಂತ ಕಡಿಮೆಯಾದರೆ ಮೂತ್ರಪಿಂಡ ಸೋಲುತ್ತಿದೆ ಎಂದೇ ಅರ್ಥ. ಹಾಗೆಂದು ಮೂತ್ರ ಚೆನ್ನಾಗಿ ಬರುತ್ತಿದೆ ಎಂದು ನಿಶ್ಚಿಂತರಾಗುವಂತೆಯೂ ಇಲ್ಲ. ಇಲಿಜ್ವರದಲ್ಲಿ ಮೂತ್ರ ಧಾರಾಳವಾಗಿ ಹೋಗುತ್ತಿರುವಾಗಲೇ ಕ್ರಿಯಾಟಿನಿನ್ (ಮೂತ್ರಪಿಂಡ ಸೋತರೆ ರಕ್ತದಲ್ಲಿ ಉಳಿಯುವ ಕಶ್ಮಲ) ಏರಬಹುದು, ಅದಕ್ಕೆ ರಕ್ತದಲ್ಲಿ ಅದನ್ನೊಮ್ಮೆ ನೋಡಿಬಿಡುವುದು ಒಳ್ಳೆಯದು.

ಸ್ಕ್ರಬ್ ಟೈಫಸ್‌ನಲ್ಲಿ ಗುರುತು ಮೈಮೇಲೇ ಇರುತ್ತದೆ, ಹುಡುಕುವವರು ಬೇಕು. ಪೊದೆ, ಹುಲ್ಲುಗಳಲ್ಲಿರುವ ನುಸಿಯ ಮರಿ ಕಚ್ಚಿದ ಜಾಗದಲ್ಲಿ ಬೀಡಿ ಕಿಡಿ ತಾಗಿ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ನೋವಿಲ್ಲ, ತುರಿಕೆಯಿಲ್ಲ, ಆದ್ದರಿಂದ ರೋಗಿಗೇ ಗೊತ್ತಿರುವುದಿಲ್ಲ. ಕಂಕುಳು, ತೊಡೆಸಂದು, ಸೊಂಟದ ಪಟ್ಟಿ ಬಿಗಿಯುವ ಜಾಗ, ಸ್ತನದ ಕೆಳಗೆ, ಕಿವಿಯ ಹಿಂದೆ ನೋಡಬೇಕು. ಹೆಂಗಸರಾದರೆ ನರ್ಸ್ ಜೊತೆ ಪರದೆಯೊಳಗೆ ನೋಡಿಸಿ. ಸಂಕೋಚದಿಂದ ಬಿಟ್ಟ ಹಕ್ಕಳೆಗಳೇ ಹೆಚ್ಚು. ತೋಟದಲ್ಲಿ ಓಡಾಡುವವರ ಕಾಲಿನ ತುಂಬ ಜಿಗಣೆ ಕಚ್ಚಿದ ಕಲೆಗಳಿರುತ್ತವೆ, ಅದನ್ನೇ ಇದು ಎಂದುಕೊಳ್ಳಬೇಡಿ. ಜಿಗಣೆ ಗಾಯ ವಾರಗಟ್ಟಲೆ ತುರಿಸುತ್ತದೆ, ಹೆಚ್ಚಾಗಿ ಪಾದ, ಹರಡಿನ ಸುತ್ತ ಇರುತ್ತದೆ. ಹಕ್ಕಳೆ ಎಲ್ಲರಲ್ಲೂ ಕಾಣುವುದಿಲ್ಲ. ಕಾಣದಿದ್ದರೆ ಸ್ಕ್ರಬ್ ಅಲ್ಲ ಎಂದೇನೂ ಇಲ್ಲ.

ಇಲಿಜ್ವರ, ಸ್ಕ್ರಬ್ ಇವೆರಡರಲ್ಲಿ ಯಾವುದೆಂದು ತೀರ್ಮಾನವಾಗದಿದ್ದರೂ ಸೌಮ್ಯ ಹಂತದಲ್ಲಿ ಮಾತ್ರೆ ಒಂದೇ: ದೊಡ್ಡವರಿಗೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ., ಬೆಳಗ್ಗೆ ಒಂದು, ರಾತ್ರಿ ಒಂದು, 7 ದಿನ. ಹೀಗಾಗಿ ಶಂಕೆ ಬಲವಾಗಿದ್ದರೆ ವೈದ್ಯರು ವರದಿಗೆ ಕಾಯದೆ ಶುರು ಮಾಡುತ್ತಾರೆ. ಗರ್ಭಿಣಿಯರಿಗೆ ಇದು ಬೇಡ, ಅಜಿಥ್ರೊಮೈಸಿನ್ ಕೊಡುತ್ತಾರೆ. ಸ್ಕ್ರಬ್ ಆಗಿದ್ದರೆ ಸಾಮಾನ್ಯವಾಗಿ 48 ಗಂಟೆಯೊಳಗೆ ಜ್ವರ ಇಳಿಯುತ್ತದೆ. ಮಾತ್ರೆ ನುಂಗುವ ರೀತಿಯಲ್ಲೇ ತಪ್ಪಾಗುತ್ತದೆ. ಊಟದ ಮೇಲೆ, ಒಂದು ಪೂರ್ತಿ ಲೋಟ ನೀರಿನ ಜೊತೆ, ಅರ್ಧ ಗಂಟೆ ಮಲಗದೆ ಇರಬೇಕು. ರಾತ್ರಿ ಎರಡು ಗುಟುಕು ನೀರಲ್ಲಿ ನುಂಗಿ ಮಲಗಿದರೆ ಅದು ಅನ್ನನಾಳದಲ್ಲೇ ಅಂಟಿ ಹುಣ್ಣು ಮಾಡುತ್ತದೆ. ಹಾಲು, ಕಬ್ಬಿಣದ ಮಾತ್ರೆ, ಗ್ಯಾಸಿನ ಸಿರಪ್ ಜೊತೆಗೆ ತೆಗೆದುಕೊಂಡರೆ ಮೈಗೆ ಹತ್ತುವುದೇ ಕಡಿಮೆ.

ಡೆಂಗಿಯಲ್ಲಿ ಜ್ವರ ಬಿಟ್ಟ ದಿನವೇ ಎಚ್ಚರದ ದಿನ. 3ರಿಂದ 7ನೇ ದಿನದ ನಡುವೆ ಮೈ ತಣ್ಣಗಾಗುತ್ತದೆ, ಮನೆಯವರು ಗೆದ್ದೆವು ಎಂದುಕೊಳ್ಳುತ್ತಾರೆ. ರಕ್ತನಾಳದಿಂದ ದ್ರವ ಸೋರುವುದು ಆಗಲೇ, ಆ 24ರಿಂದ 48 ಗಂಟೆಯಲ್ಲಿ. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡಿನ ರಕ್ತ, ತಣ್ಣನೆಯ ಕೈಕಾಲು, ಮಂಕು ಅಥವಾ ಚಡಪಡಿಕೆ ಇವುಗಳಲ್ಲಿ ಒಂದು ಕಂಡರೂ ಮನೆಯಲ್ಲಿ ಇಟ್ಟುಕೊಳ್ಳಬಾರದು. ಚೀಟಿಯಲ್ಲಿ ಪ್ಲೇಟ್‌ಲೆಟ್‌ಗಿಂತ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) ಸಾಲನ್ನು ನೋಡಿ: 40 ಇದ್ದದ್ದು 48ಕ್ಕೆ ಏರಿದರೆ ದ್ರವ ಸೋರುತ್ತಿದೆ. ರಕ್ತಸ್ರಾವ ಇಲ್ಲದಿದ್ದರೆ ಪ್ಲೇಟ್‌ಲೆಟ್ 10,000ದ ಹತ್ತಿರಕ್ಕೆ ಬರುವವರೆಗೆ ಸಾಮಾನ್ಯವಾಗಿ ಅದನ್ನು ಹೊರಗಿನಿಂದ ಕೊಡಬೇಕಾಗಿಲ್ಲ. ಏಳೆಂಟನೇ ದಿನಕ್ಕೆ ಅದು ತಾನಾಗಿಯೇ ಏರುತ್ತದೆ, ಹೆಸರು ಪಪ್ಪಾಯಿ ಎಲೆಗೆ ಬರುತ್ತದೆ. ಆ ರಸದ ಕಹಿಗೆ ವಾಂತಿಯಾದರೆ ರೋಗದ ವಾಂತಿಯೋ ರಸದ ವಾಂತಿಯೋ ತಿಳಿಯದೆ ಒದ್ದಾಡಬೇಕಾದೀತು.

ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು, ದೊಡ್ಡವರಿಗೆ 500 ಮಿ.ಗ್ರಾಂ., ಆರು ಗಂಟೆಗೊಮ್ಮೆ. ಮಕ್ಕಳಿಗೆ ಕಿಲೋಗೆ 15 ಮಿ.ಗ್ರಾಂ. ಲೆಕ್ಕ, ಆದರೆ ಬಾಟಲಿ ಓದಿ. 12 ಕಿಲೋ ಮಗುವಿಗೆ 5 ಮಿ.ಲೀ.ಗೆ 120 ಮಿ.ಗ್ರಾಂ. ಇರುವ ಸಿರಪ್ ಆದರೆ 7.5 ಮಿ.ಲೀ., 250 ಇರುವುದಾದರೆ ಮೂರೂವರೆ ಮಿ.ಲೀ. ಅಷ್ಟೇ. "ಒಂದು ಇಂಜೆಕ್ಷನ್ ಹಾಕಿಬಿಡಿ, ನಾಳೆ ಕೆಲಸ ಇದೆ" ಎಂದು ಒತ್ತಾಯಿಸುವವರಿಗೆ ಡೈಕ್ಲೋಫಿನ್ಯಾಕ್ ಹಾಕಿದರೆ ಡೆಂಗಿಯಲ್ಲಿ ರಕ್ತಸ್ರಾವಕ್ಕೆ, ಇಲಿಜ್ವರದಲ್ಲಿ ಮೂತ್ರಪಿಂಡದ ಸೋಲಿಗೆ ದಾರಿ. ಐಬುಪ್ರೊಫೆನ್, ಆಸ್ಪಿರಿನ್ ಕೂಡ ಬೇಡ. ಓಆರ್‌ಎಸ್‌ನ ದೊಡ್ಡ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಕದಡಬೇಕು, ಲೋಟಕ್ಕೊಂದು ಚಮಚದ ಲೆಕ್ಕ ಬೇಡ. ಗಂಜಿ ಒಳ್ಳೆಯದು. ಎಳನೀರು ಡೆಂಗಿಗೆ ಸರಿ. ಮೂತ್ರ ಕಡಿಮೆಯಾದವರಿಗೆ ಅದರ ಪೊಟ್ಯಾಸಿಯಮ್ಮೇ ಹೃದಯಕ್ಕೆ ಅಪಾಯ.

ನಾಟಿಯ ಕೆಸರಲ್ಲಿ ಬೂಟು ನಿಲ್ಲುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಕಾಲಿನ ಗಾಯಕ್ಕೆ ನೀರು ಹೋಗದ ಪಟ್ಟಿ ಹಾಕಿ ಇಳಿಯಿರಿ, ಹತ್ತಿದ ಮೇಲೆ ಶುದ್ಧ ನೀರು, ಸೋಪಿನಿಂದ ತೊಳೆದು ಬೆರಳ ಸಂದು ಒರೆಸಿ. ತೋಟಕ್ಕಾದರೆ ಗಂಬೂಟು ಇರಲಿ, ಆದರೆ ತೂತು ಬಿದ್ದದ್ದು ಬೇಡ. ದಿನವಿಡೀ ಕೊಳಕು ನೀರು ಅದರೊಳಗೇ ನಿಂತಿರುತ್ತದೆ. ವಾರಕ್ಕೊಮ್ಮೆ 200 ಮಿ.ಗ್ರಾಂ. ಡಾಕ್ಸಿಸೈಕ್ಲಿನ್ ಅನ್ನು ನೆರೆ ನೀರಲ್ಲಿ ಕೆಲಸ ಮಾಡುವವರಿಗೆ ಸ್ವಲ್ಪ ಕಾಲದ ಮಟ್ಟಿಗೆ ಕೊಡುವುದುಂಟು. ಅಂಗಡಿಯಿಂದ ತಾವೇ ತಂದು ನುಂಗುವಂಥದ್ದಲ್ಲ.

ಕಳಿಸುವ ನಿರ್ಧಾರ ಬೆಳಕಿರುವಾಗಲೇ ಆಗಲಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಸುಮಾರು 140. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಂಗಳೂರಿಗೆ ಹೋಗುವ ಸಂಪಾಜೆ ದಾರಿಯೇ ಮುಚ್ಚಿತ್ತು. ಚೀಟಿಯಲ್ಲಿ "ಜ್ವರ, ಪ್ಲೇಟ್‌ಲೆಟ್ ಕಡಿಮೆ" ಎಂದಷ್ಟೇ ಬರೆದರೆ ಅಲ್ಲಿಯವರು ಎಲ್ಲವನ್ನೂ ಮೊದಲಿನಿಂದ ಕೇಳಬೇಕಾಗುತ್ತದೆ. ಜ್ವರ ಶುರುವಾದ ತಾರೀಕು, ಗದ್ದೆಗೋ ತೋಟಕ್ಕೋ ಇಳಿದ ದಿನ, ಕೊನೆಯ ಸಲ ಮೂತ್ರ ಹೋದ ಹೊತ್ತು ಮತ್ತು ಅಳತೆ, ಕೊಟ್ಟ ಮಾತ್ರೆ, ಕೊಟ್ಟ ಗಂಟೆ: ಇಷ್ಟನ್ನು ಬರೆದು, ಅದರ ಒಂದು ಫೋಟೋ ರೋಗಿಯ ಜೊತೆ ಹೋಗುವವರ ಫೋನಿನಲ್ಲೂ ಇರಲಿ. ಮಳೆಗೆ ಚೀಟಿ ನೆನೆಯುತ್ತದೆ.