ಮೆಚ್ಚಿನ ಕಾದಂಬರಿಕಾರರು ಬರಬರುತ್ತ ಸೊರಗುತ್ತಾರೆಯೇ?

ಪ್ರಶ್ನೆ: ಒಬ್ಬ ಲೇಖಕರ ಒಂದು ಕಾದಂಬರಿ ಮನಸ್ಸಿಗೆ ಹಿಡಿಸಿತೆಂದು ಅವರ ಉಳಿದ ಪುಸ್ತಕಗಳನ್ನೆಲ್ಲ ಹುಡುಕಿ ತಂದು ಓದಿದರೆ, ಮೊದಲನೆಯದು ಕೊಟ್ಟ ಸುಖ ಮತ್ತೆ ಸಿಗುವುದಿಲ್ಲ. ಜನಪ್ರಿಯ ಲೇಖಕರು ವಯಸ್ಸಾದಂತೆ ಸೊರಗುತ್ತಾರೆಯೇ?

ಉತ್ತರ: ಮುಂಬಯಿಯ ಉಪನಗರವೊಂದರಲ್ಲಿ ಕನ್ನಡ ಸಂಘದ ಗ್ರಂಥಾಲಯವನ್ನು ಭಾನುವಾರಗಳಂದು ನೋಡಿಕೊಳ್ಳುವ ನನಗೆ ಈ ಪ್ರಶ್ನೆ ಹೊಸದಲ್ಲ. ಡೊಂಬಿವಲಿಯಿಂದಲೂ ಮುಲುಂಡದಿಂದಲೂ ಬರುವ ಸದಸ್ಯರು ಪುಸ್ತಕ ಹಿಂತಿರುಗಿಸುವಾಗ ಇದನ್ನೇ ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಾರೆ, "ಅವರ ಮೊದಲಿನ ಕೈ ಈಗ ಇಲ್ಲ ಅಲ್ವಾ?" ಎನ್ನುವುದು ಹೆಚ್ಚಾಗಿ ಕಿವಿಗೆ ಬೀಳುವ ರೂಪ. ಕೆಲವರು ಸೊರಗುವುದು ನಿಜ. ಆದರೆ ಅದಕ್ಕೆ ವಯಸ್ಸೇ ಕಾರಣವಾಗುವುದು ಅಪರೂಪ, ಮತ್ತು ಸೊರಗಿದಂತೆ ನಮಗೆ ಕಾಣುವುದರಲ್ಲಿ ದೊಡ್ಡ ಪಾಲು ನಾವು ಯಾವ ಪುಸ್ತಕವನ್ನು ಮೊದಲು ಓದಿದೆವು ಎಂಬುದರಿಂದ ಬರುತ್ತದೆ.

ಇಪ್ಪತ್ತು ಕಾದಂಬರಿ ಬರೆದ ಲೇಖಕರೊಬ್ಬರನ್ನು ನಾವು ಮೊದಲು ಭೇಟಿಯಾಗುವುದು ಸಾಮಾನ್ಯವಾಗಿ ಅವರ ಅತ್ಯುತ್ತಮ ಕೃತಿಯಲ್ಲಿ. ಗೆಳೆಯರು ಕೈಗಿಡುವುದು ಅದನ್ನೇ, ಪ್ರಶಸ್ತಿ ಬಂದಿರುವುದು ಅದಕ್ಕೇ, ಸಿನಿಮಾ ಆಗಿರುವುದೂ ಬಹುಮಟ್ಟಿಗೆ ಅದೇ. ಸಾವಿರಾರು ಓದುಗರು ಜರಡಿ ಹಿಡಿದು ಉಳಿಸಿಕೊಂಡ ಪುಸ್ತಕವನ್ನು ಮೊದಲು ಓದಿದ ಮೇಲೆ, ಉಳಿದ ಹತ್ತೊಂಬತ್ತರಲ್ಲಿ ಯಾವುದನ್ನು ಎತ್ತಿಕೊಂಡರೂ ಅದು ಒಂದು ಮೆಟ್ಟಿಲು ಕೆಳಗಿರುವ ಸಂಭವವೇ ಹೆಚ್ಚು. ಇದು ಲೇಖಕರ ಮುಂದಿನ ಪುಸ್ತಕಗಳಿಗೆ ಮಾತ್ರವಲ್ಲ, ಹಿಂದಿನವಕ್ಕೂ ಅನ್ವಯಿಸುತ್ತದೆ. ಎಸ್.ಎಲ್. ಭೈರಪ್ಪನವರ 1979ರ 'ಪರ್ವ'ವನ್ನು ಮೊದಲು ಓದಿ, ಅನಂತರ 1961ರ 'ಧರ್ಮಶ್ರೀ'ಯನ್ನು ಕೈಗೆತ್ತಿಕೊಂಡವರಿಗೂ ಅದು ತೆಳುವೆನಿಸುತ್ತದೆ. ಆದರೆ ಆಗ ನಾವು "ಪಾಪ, ಆಗಿನ್ನೂ ಕೈ ಪಳಗಿರಲಿಲ್ಲ" ಎಂದು ಕ್ಷಮಿಸುತ್ತೇವೆ. ಅಷ್ಟೇ ತೆಳುವಾದ ಪುಸ್ತಕ 'ಪರ್ವ'ದ ನಂತರ ಬಂದಿದ್ದರೆ ಲೇಖಕರು ಇಳಿದರು ಎನ್ನುತ್ತಿದ್ದೆವು.

ನಮ್ಮ ಕಪಾಟಿನ ಎರಡು ಪುಸ್ತಕಗಳನ್ನೇ ನೋಡಿ. ಯಶವಂತ ಚಿತ್ತಾಲರ 'ಶಿಕಾರಿ'ಯ ಪ್ರತಿಗೆ ಎರಡು ಸಲ ಹೊಸ ರಟ್ಟು ಹಾಕಿಸಿದ್ದೇವೆ. ತಾರೀಖಿನ ಮೊಹರು ಒತ್ತುವ ಚೀಟಿ ತುಂಬಿದಂತೆಲ್ಲ ಅದರ ಮೇಲೆ ಇನ್ನೊಂದನ್ನು ಅಂಟಿಸುತ್ತ ಹೋದದ್ದರಿಂದ ಕೊನೆಯ ಪುಟ ರಟ್ಟಿನಷ್ಟೇ ದಪ್ಪವಾಗಿದೆ. ಅದು ಸಹಜವೇ. ಕಂಪನಿಯೊಂದರ ಒಳಸಂಚಿಗೆ ಸಿಕ್ಕ ನಾಗಪ್ಪನ ಭಯ, ಮುಂಬಯಿಯಲ್ಲಿ ನೌಕರಿ ಮಾಡಿದ ಕನ್ನಡಿಗರಿಗೆ ಯಾರೂ ವಿವರಿಸಿ ಹೇಳಬೇಕಾದದ್ದಲ್ಲ. 1990ರ 'ಪುರುಷೋತ್ತಮ'ಕ್ಕೆ ಮಾತ್ರ ಇಂದಿಗೂ ಒಂದೇ ಚೀಟಿ, ಅದೂ ಅರ್ಧ ಖಾಲಿ. "ಶಿಕಾರಿಯ ಚಿತ್ತಾಲರು ಇದರಲ್ಲಿಲ್ಲ" ಎಂದು ಅದನ್ನು ಹಿಂತಿರುಗಿಸಿದವರು ಹಲವರು. ಒಮ್ಮೆ 'ಶಿಕಾರಿ' ಬೇರೆಯವರ ಬಳಿ ಇದ್ದುದರಿಂದ ನಿವೃತ್ತ ಶಿಕ್ಷಕಿಯೊಬ್ಬರು ಬೇರೆ ದಾರಿಯಿಲ್ಲದೆ 'ಪುರುಷೋತ್ತಮ'ವನ್ನು ಒಯ್ದರು, ಎರಡು ಬಾರಿ ಅವಧಿ ವಿಸ್ತರಿಸಿಕೊಂಡು ಓದಿದರು, ಆಮೇಲೆ 'ಶಿಕಾರಿ' ಓದಿ ಬಂದು, "ಇದು ಉಸಿರು ಕಟ್ಟಿಸುತ್ತದೆ, ಒಪ್ಪಿದೆ, ಆದರೆ ನನಗೆ ಮೊದಲು ಓದಿದ್ದೇ ದೊಡ್ಡದು" ಎಂದರು. ಒಬ್ಬರ ಅನುಭವದಿಂದ ಏನೂ ಸಿದ್ಧವಾಗುವುದಿಲ್ಲವೆಂಬುದು ನನಗೆ ಗೊತ್ತು. ಆದರೂ ಅಂದಿನಿಂದ ಯಾರಾದರೂ ಲೇಖಕರು ಇಳಿದರು ಎಂದಾಗ, ಅವರದು ಯಾವುದನ್ನು ಮೊದಲು ಓದಿದಿರಿ ಎಂದು ಕೇಳದೆ ನಾನು ಬಿಡುವುದಿಲ್ಲ.

ಇನ್ನು ವಯಸ್ಸಿನ ಮಾತು. ಕನ್ನಡ ಕಾದಂಬರಿಯ ಚರಿತ್ರೆ ಈ ನಂಬಿಕೆಗೆ ನೇರವಾಗಿ ಎದುರು ನಿಲ್ಲುತ್ತದೆ. ಕುವೆಂಪು ಬರೆದದ್ದು ಎರಡೇ ಕಾದಂಬರಿ. 1936ರಲ್ಲಿ 'ಕಾನೂರು ಹೆಗ್ಗಡಿತಿ' ಬಂದಾಗ ಅವರಿಗೆ ಮೂವತ್ತರ ಆಚೀಚೆ, 1967ರಲ್ಲಿ 'ಮಲೆಗಳಲ್ಲಿ ಮದುಮಗಳು' ಬಂದಾಗ ಅರವತ್ತು ದಾಟಿತ್ತು, ಮತ್ತು ಎರಡರಲ್ಲಿ ಹಿರಿದು ಎರಡನೆಯದೆಂದು ಹೇಳಲು ನನಗೆ ಯಾವ ಹಿಂಜರಿಕೆಯೂ ಇಲ್ಲ. 1902ರಲ್ಲಿ ಹುಟ್ಟಿದ ಕಾರಂತರು 'ಮೂಕಜ್ಜಿಯ ಕನಸುಗಳು' ಪ್ರಕಟಿಸಿದ್ದು 1968ರಲ್ಲಿ. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಬಂದದ್ದು ಅವರ ಅರವತ್ತೈದರ ಸುಮಾರಿಗೆ. ಚಿತ್ರದುರ್ಗದ ಇತಿಹಾಸವನ್ನು ಕಾದಂಬರಿಯ ಮೇಲೆ ಕಾದಂಬರಿಯಾಗಿ ಬರೆಯುತ್ತ ಬಂದ ತ.ರಾ.ಸು. ಅವರು ಆ ಸರಣಿಯ ಶಿಖರವಾದ 'ದುರ್ಗಾಸ್ತಮಾನ'ವನ್ನು ಕೊಟ್ಟದ್ದು ಬದುಕಿನ ಕೊನೆಗೆ, 1982ರಲ್ಲಿ. 1984ರಲ್ಲಿ ಅವರು ತೀರಿಕೊಂಡರು, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮರುವರ್ಷ. ಎಂ.ಕೆ. ಇಂದಿರಾ ಅವರಂತೂ ಕಾದಂಬರಿ ಬರೆಯಲು ತೊಡಗಿದ್ದೇ ನಲವತ್ತರ ನಂತರ. ಇಲ್ಲಿನ ಮರಾಠಿ ಓದುಗರಲ್ಲಿಯೂ ಇದೇ ಚರ್ಚೆಯಿದೆ: ಭಾಲಚಂದ್ರ ನೇಮಾಡೆಯವರ 1963ರ 'ಕೋಸಲಾ'ವನ್ನು ಪ್ರೀತಿಸಿದವರು 2010ರ 'ಹಿಂದೂ'ವನ್ನು ಅದೇ ಅಳತೆಗೋಲಿನಿಂದ ಅಳೆಯುತ್ತಾರೆ, ವಿ.ಸ. ಖಾಂಡೇಕರರು 'ಯಯಾತಿ'ಯನ್ನು ಅರವತ್ತರ ಹೊತ್ತಿಗೆ, 1959ರಲ್ಲಿ, ಪ್ರಕಟಿಸಿದರೆಂಬುದು ಆಗ ನೆನಪಿಗೆ ಬರುವುದಿಲ್ಲ.

ಕಾಯಿಲೆ ಕೈ ಹಿಡಿದು ಎಳೆದ ಉದಾಹರಣೆಯೂ ಇದೆ. ಇಂಗ್ಲಿಷ್ ಕಾದಂಬರಿಕಾರ್ತಿ ಐರಿಸ್ ಮರ್ಡಾಕ್ 1995ರಲ್ಲಿ ತಮ್ಮ ಕೊನೆಯ ಕಾದಂಬರಿಯನ್ನು ಪ್ರಕಟಿಸಿದ ಮೇಲೆ ಅವರಿಗೆ ಅಲ್ಝೈಮರ್ ಇರುವುದು ತಿಳಿಯಿತು. ಅನಂತರ ಸಂಶೋಧಕರು ಅವರ ಆರಂಭದ, ನಡುವಿನ ಮತ್ತು ಕೊನೆಯ ಕಾದಂಬರಿಗಳನ್ನು ಹೋಲಿಸಿದಾಗ ವಾಕ್ಯಗಳ ಕಟ್ಟು ಬಹುಮಟ್ಟಿಗೆ ಉಳಿದಿದ್ದರೂ ಶಬ್ದಸಂಪತ್ತು ಕೊನೆಯದರಲ್ಲಿ ಕುಗ್ಗಿದ್ದು ಕಂಡಿತು. ಇದು ರೋಗದ ಕಥೆ. ಇದನ್ನು ಎಲ್ಲ ಹಿರಿಯ ಲೇಖಕರ ತಲೆಗೆ ಕಟ್ಟುವುದು ಅನ್ಯಾಯ.

ಹಾಗಾದರೆ ಆರೋಗ್ಯವಂತ ಲೇಖಕರು ನಿಜವಾಗಿಯೂ ಸೊರಗುವುದು ಏತರಿಂದ? ವಾರಪತ್ರಿಕೆಗಳ ಧಾರಾವಾಹಿಯನ್ನು ಹಲವರು ದೂರುತ್ತಾರೆ, ಅದರಲ್ಲಿ ಹುರುಳಿದೆ. ಪ್ರತಿ ವಾರ ನಿಗದಿತ ಪುಟಗಳನ್ನು ತುಂಬಿಸಬೇಕು, ಪ್ರತಿ ಕಂತಿನ ಕೊನೆಗೆ ಒಂದು ಕುತೂಹಲವನ್ನು ತೂಗುಹಾಕಬೇಕು, ಹತ್ತನೆಯ ವಾರದಲ್ಲಿ ಮೂರನೆಯ ವಾರದ ತಪ್ಪು ಕಂಡರೂ ಅಚ್ಚಾದದ್ದನ್ನು ತಿದ್ದುವಂತಿಲ್ಲ. ಪುಸ್ತಕವಾಗುವಾಗ ತಿದ್ದಬಹುದಾದರೂ ಅಷ್ಟು ಹೊತ್ತಿಗೆ ಮುಂದಿನ ಧಾರಾವಾಹಿ ಶುರುವಾಗಿರುತ್ತದೆ. ಆದರೂ ವೇಗವೊಂದೇ ಅಪರಾಧಿಯಲ್ಲ. ತ್ರಿವೇಣಿಯವರು 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಅಗಲುವ ಹೊತ್ತಿಗೆ ಸುಮಾರು ಹತ್ತೇ ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದಿದ್ದರು, ಮತ್ತು ಆ ಅವಸರದಲ್ಲೇ 'ಶರಪಂಜರ'ವೂ ಹುಟ್ಟಿತು.

ನನ್ನ ಮಟ್ಟಿಗೆ ದೊಡ್ಡ ಕಾರಣ ಬೇರೆಯೇ: ಪಾತ್ರಗಳು ಲೇಖಕರಿಗೆ ಎದುರು ಮಾತನಾಡುವುದನ್ನು ನಿಲ್ಲಿಸಿದಾಗ ಕಾದಂಬರಿ ಸೊರಗುತ್ತದೆ. ಭೈರಪ್ಪನವರ 'ವಂಶವೃಕ್ಷ'ದಲ್ಲಿ (1965) ಶ್ರೀನಿವಾಸ ಶ್ರೋತ್ರಿಗಳಿಗೆ ಎಷ್ಟು ಗಾಂಭೀರ್ಯವಿದೆಯೋ, ವಿಧವೆಯಾಗಿ ಮರುಮದುವೆಯಾಗುವ ಕಾತ್ಯಾಯನಿಯ ಸಂಕಟಕ್ಕೂ ಅಷ್ಟೇ ನಿಜವಿದೆ. ಅಷ್ಟೇ ಅಲ್ಲ, ಶ್ರೋತ್ರಿಗಳು ಬದುಕಿಡೀ ನಂಬಿದ ವಂಶಶುದ್ಧಿಯ ಬುಡವನ್ನೇ ಕಾದಂಬರಿ ಕೊನೆಗೆ ಅಲುಗಿಸಿಬಿಡುತ್ತದೆ. ಲೇಖಕರು ತಮಗೇ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಹಿಡಿದು ಹೊರಟಿದ್ದಾರೆಂಬ ಭಾವ ಅಲ್ಲಿ ಪುಟಪುಟಕ್ಕೂ ಬರುತ್ತದೆ. 2007ರ 'ಆವರಣ'ದಲ್ಲಿ, ನನ್ನ ಓದಿನಲ್ಲಿ, ವಾದ ಮುಂದೆ ನಡೆಯುತ್ತದೆ, ಪಾತ್ರಗಳು ಹಿಂದೆ ಬರುತ್ತವೆ. ಆ ಕಾದಂಬರಿಯನ್ನು ತಲೆಯ ಮೇಲೆ ಹೊತ್ತು ಮೆರೆಸಿದ ಓದುಗರು ನಮ್ಮ ಗ್ರಂಥಾಲಯದಲ್ಲಿಯೇ ಬಹಳ ಮಂದಿ ಇದ್ದಾರೆ, ಅವರೊಡನೆ ನಾನು ಗಂಟೆಗಟ್ಟಲೆ ವಾದಿಸಿದ್ದೇನೆ. ಆದರೆ ಇದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯಲಾಗದು, ಏಕೆಂದರೆ ಕೇವಲ ಆರು ವರ್ಷ ಹಿಂದೆ ಅದೇ ಕೈಯಿಂದ 'ಮಂದ್ರ' ಬಂದಿತ್ತು. ಅದರ ಸಂಗೀತಗಾರ ಮೋಹನಲಾಲನ ಕಲೆಯನ್ನೂ ಸಣ್ಣತನವನ್ನೂ ಒಟ್ಟಿಗೇ ಹೊತ್ತು ನಡೆಯುವ ಶಕ್ತಿ ಆ ಕಾದಂಬರಿಗಿತ್ತು.

ಲೇಖಕರಷ್ಟೇ ಓದುಗರಿಗೂ ವಯಸ್ಸಾಗುತ್ತದೆ. ಕಾರಂತರ 'ಬೆಟ್ಟದ ಜೀವ'ವನ್ನು ಇಪ್ಪತ್ತೆರಡರಲ್ಲಿ ಓದಿದಾಗ ನನ್ನ ಮನಸ್ಸು ತುಂಬಿದ್ದು ಕಾಡು ಮತ್ತು ಗೋಪಾಲಯ್ಯನವರ ಛಲ. ಐವತ್ತು ದಾಟಿದ ಮೇಲೆ ಠಾಣೆಯ ಸ್ಲೋ ಲೋಕಲ್‌ನಲ್ಲಿ ಅದನ್ನೇ ಮತ್ತೆ ತೆರೆದಾಗ, ಮನೆ ಬಿಟ್ಟು ಹೋದ ಮಗನಿಗಾಗಿ ಆ ದಂಪತಿ ಕಾಯುವ ಪುಟಗಳಿಂದ ಮುಂದೆ ಹೋಗಲಾರದೆ ಪುಸ್ತಕ ಮುಚ್ಚಿದೆ. ನಮ್ಮಲ್ಲಿ ಎಷ್ಟೋ ಮಂದಿ ಊರಿನ ಮನೆಯಿಂದ ಹೀಗೆಯೇ ಹೊರಟು ಈ ನಗರಕ್ಕೆ ಬಂದವರಲ್ಲವೇ?

ಆದ್ದರಿಂದ ಈಗ 'ಶಿಕಾರಿ' ಕೇಳಿ ಬರುವ ಹೊಸ ಸದಸ್ಯರಿಗೆ, ಸಾಧ್ಯವಾದರೆ ಮೊದಲು 'ಪುರುಷೋತ್ತಮ'ವನ್ನೇ ಓದಿ ಎಂದು ಕೊಡುತ್ತಿದ್ದೇನೆ. ಹೋದ ಮಳೆಗಾಲದಿಂದ ಅದರ ಚೀಟಿಯ ಮೇಲೆ ಐದು ಹೊಸ ತಾರೀಖುಗಳು ಬಿದ್ದಿವೆ.